ಸ್ಪರ್ಶಶ್ರವಣ ಮೀಮಾಂಸೆ

ಅಥ ಬಿಲ್ಲೆವಿಚಾರಃ. ಇಲ್ಲಿ ಬಿಲ್ಲೆಯೆಂದರೆ ಅಲಾರಂ ಗಡಿಯಾರ, ಹಾಡುವ ಗ್ರೀಟಿಂಗ್ ಕಾರ್ಡು ಮುಂತಾದ ಕ್ಷುದ್ರಯೋನಿಗಳಲ್ಲಿ ಹುಟ್ಟಿ ಕೀಚುಗುಟ್ಟುವ ಪೀಝೋ ಬಜರ್. 27 ಮಿಲಿಮೀಟರ್ ಅಗಲದ ಹಿತ್ತಾಳೆ, ಅದರ ನಡುವೆ ಪಿಂಗಾಣಿಯ ಪದರ, ಮೇಲೆ ಬೆಳ್ಳಿಯ ಲೇಪ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಈ ಜೀವ ವೀಣೆಗೆ ಅಂಟಿದೊಡನೆ ‘ಕಾಂಟ್ಯಾಕ್ಟ್ ಮೈಕ್’ ಎಂಬ ಉತ್ತಮಜನ್ಮ ಪಡೆಯುತ್ತದೆ.

ಕೂಗಲು ಹುಟ್ಟಿದ್ದು ಕೇಳುವುದೆಂತು ಎಂದು ಪೂರ್ವಪಕ್ಷ. ಸಮಾಧಾನ ಹೀಗೆ: ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದನ್ನು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಕಂಡರು. ಮರುವರ್ಷ ಲಿಪ್‌ಮನ್ ಲೆಕ್ಕ ಹಾಕಿ, ಹಾಗಿದ್ದರೆ ವಿದ್ಯುತ್ತು ಕೊಟ್ಟಾಗ ಹರಳೂ ಅಲುಗಲೇಬೇಕೆಂದ. ಗಡಿಯಾರದಲ್ಲಿರುವಷ್ಟು ದಿನ ಬಿಲ್ಲೆ ಲಿಪ್‌ಮನ್ ಶಿಷ್ಯ. ವೀಣೆಯ ಮೇಲೆ ಕೂತರೆ ಕ್ಯೂರಿ ಶಿಷ್ಯ. ದೀಕ್ಷೆ ಬದಲಿಸಲು ಖರ್ಚಿಲ್ಲ.

ಕೂರಿಸುವುದರಲ್ಲಿ ಮತತ್ರಯ. ದ್ವೈತಿಗಳಿಗೆ ಮೈಕ್ ಬೇರೆ, ವೀಣೆ ಬೇರೆ, ನಡುವಿನ ಗಾಳಿ ನಿತ್ಯಸತ್ಯ. ಇವರು ಸ್ಟ್ಯಾಂಡ್ ಮೈಕಿನವರು. ಪಕ್ಕದ ಮೃದಂಗವನ್ನೂ ಮುಂದಿನ ಸಾಲಿನ ಕೆಮ್ಮನ್ನೂ ಸಮದೃಷ್ಟಿಯಿಂದ ಸ್ವೀಕರಿಸುವರು, ವಾಲ್ಯೂಮ್ ಏರಿಸಿದರೆ ಸ್ಪೀಕರ್ ಕುಂಯ್ ಎನ್ನುವುದು. ಅದ್ವೈತಿಗಳು ಬಲವಾದ ಅಂಟು ಹಚ್ಚಿ ಬಿಲ್ಲೆಯನ್ನು ಹಲಸಿನ ಮರದಲ್ಲಿ ಲೀನಗೊಳಿಸುವರು. ಮೋಕ್ಷದಿಂದ ಮರಳಿ ಬರುವ ಹಾದಿಯಿಲ್ಲ. ಕಿತ್ತರೆ ಪಾಲಿಶೂ ಜೊತೆಗೇ ಬರುವುದು. ಗೃಹಸ್ಥರಿಗೆ ಡಬಲ್ ಸೈಡ್ ಟೇಪಿನ ವಿಶಿಷ್ಟಾದ್ವೈತವೇ ಕ್ಷೇಮ. 24 ಮೆಟ್ಟುಗಳೂ ಮೇಣದಲ್ಲೇ ನಿಂತಿರುವ ವಾದ್ಯಕ್ಕೆ ಜೇನುಮೇಣವೇ ಯೋಗ್ಯವೆಂಬ ಉಪಪಂಥವೊಂದುಂಟು. ಏಪ್ರಿಲ್ ತಿಂಗಳ ರಾಮನವಮಿ ಪೆಂಡಾಲಿನಲ್ಲಿ ಅದರ ವಾದ ಸಡಿಲವಾಗುವುದು. ಸ್ಥಳನಿರ್ಣಯಕ್ಕೆ ಶ್ರುತಿಯೇ ಪ್ರಮಾಣ: ಕುದುರೆಗೆ ಹತ್ತಿರವಾದಷ್ಟೂ ಮೀಟಿನ ಚುರುಕು, ಮೇಲ್ಹಲಗೆಯ ಮೇಲೆ ದೂರ ಸರಿದಷ್ಟೂ ಕೊಡದ ಗುಂಗು. ಬೆರಳಗಲ ಸರಿಸಿ, ಮೀಟಿ, ಕೇಳತಕ್ಕದ್ದು.

ಬೆಸುಗೆ ಕ್ಷಣಿಕವಾದಿಗಳ ಕ್ಷೇತ್ರ. ಹಿತ್ತಾಳೆಯ ಅಂಚನ್ನು ಮರಳುಕಾಗದದಿಂದ ಉಜ್ಜಿ ಗ್ರೌಂಡ್ ತಂತಿ ಹಿಡಿಸುವಾಗ ಅವಸರ ಬೇಡ. ಆದರೆ ನಡುವಿನ ಬೆಳ್ಳಿಗೆ ಕಾದ ಸೋಲ್ಡರಿಂಗ್ ಕಡ್ಡಿ ಮುಟ್ಟಿತೋ ಇಲ್ಲವೋ ಎಂಬಷ್ಟರಲ್ಲಿ ಎತ್ತಬೇಕು. ತಡಮಾಡಿದರೆ ಲೇಪವೇ ಸೀಸದ ಹನಿಯ ಜೊತೆ ಎದ್ದುಬಂದು ಅಡಿಯ ಪಿಂಗಾಣಿ ಬೋಳಾಗುವುದು. ಮೇಲೊಂದು ಕವಚಕ್ಕೆ ನೇಲ್ ಪಾಲಿಶ್ ವಿಹಿತ; ಬಣ್ಣದ ವಿಷಯದಲ್ಲಿ ಶಾಸ್ತ್ರ ಮೌನ, ಮನೆಯವರು ಮೌನವಾಗಿರುವುದಿಲ್ಲ.

ಇನ್ನು ಮುಖ್ಯ ವಿವಾದ. ಅಗ್ಗದ ಬಿಲ್ಲೆ ಟಿಣ್ ಟಿಣ್ ಎನ್ನುತ್ತದೆ, ಮಂದ್ರವೇ ಇಲ್ಲ ಎಂಬುದು ಲೋಕಾಪವಾದ. ಇದು ನಿರಪರಾಧಿಯ ಮೇಲಿನ ಆರೋಪ. ಬಿಲ್ಲೆ ತಾನೇ ಸುಮಾರು 20 ನ್ಯಾನೋಫ್ಯಾರಡ್‌ನ ಕೆಪಾಸಿಟರ್. ಅದನ್ನು 10 ಕಿಲೋಓಮ್‌ನ ಮಿಕ್ಸರ್ ಲೈನಿಗೆ ನೇರ ಸಿಕ್ಕಿಸಿದರೆ 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತ ಹೋಗುವುದು. ಮಂದ್ರ, ಮಧ್ಯ ಸ್ಥಾಯಿಗಳೆರಡರ ಬುಡಕ್ಕೂ ಕೊಡಲಿ. ಅದೇ 1 ಮೆಗಾಓಮ್ ಸಿಕ್ಕರೆ ಗಡಿ 8 ಹರ್ಟ್ಸ್‌ಗೆ ಇಳಿಯುವುದು, ಅಷ್ಟು ಕೆಳಗೆ ರಸಿಕರ ಕಿವಿಯೂ ಇಲ್ಲ, ವಿಮರ್ಶಕರ ಕಿವಿಯೂ ಇಲ್ಲ. ಆದ್ದರಿಂದ ನಡುವೆ ಬಫರೆಂಬ ಪುರೋಹಿತ ಬೇಕು: ಇಂಜಿನಿಯರಿಂಗ್ ಲ್ಯಾಬಿನಲ್ಲಿ ರೀಡಿಂಗ್ ಕಾಪಿ ಹೊಡೆದು ಮರೆತ ಬಿಎಫ್‌ಡಬ್ಲ್ಯೂ10 ಎಫ್‌ಇಟಿ, ಒಂದು 9 ವೋಲ್ಟ್ ಬ್ಯಾಟರಿ, ಎರಡು-ಮೂರು ರೆಸಿಸ್ಟರು, ಕೆಪಾಸಿಟರು. ದುಬಾರಿ ಪಿಕಪ್ ಕೊಳ್ಳುವವರು ಬಹಳಷ್ಟು ಸಲ ಈ ಪುರೋಹಿತನಿಗೇ ದಕ್ಷಿಣೆ ಕೊಡುತ್ತಿರುತ್ತಾರೆ.

ಫಲಶ್ರುತಿ. ವಿಧಿವತ್ತಾಗಿ ಮಾಡಿದವರಿಗೆ ಮೃದಂಗದ ಗದ್ದಲದಲ್ಲೂ ಗಮಕ ಸ್ಪಷ್ಟವಾಗುವುದು. ಜೊತೆಗೆ ಮೇಲ್ಹಲಗೆಗೆ ಬಳೆ ತಾಗಿದ್ದು, ತಂತಿಯ ಮೇಲೆ ಉಗುರು ಜಾರಿದ್ದು ಕೊನೆಯ ಸಾಲಿಗೂ ಮುಟ್ಟುವುದು, ಬಿಲ್ಲೆಗೆ ದಾಕ್ಷಿಣ್ಯವಿಲ್ಲ. ಶೀಲ್ಡ್ ವಯರಿಗೆ ಜಿಪುಣತನ ಮಾಡಿದವರಿಗೆ ಕರೆಂಟಿನ ತಂಬೂರಿ ಉಚಿತ. ಅದು 50 ಹರ್ಟ್ಸ್‌ನಲ್ಲಿ ಗುಂಯ್‌ಗುಡುವುದು, ವೈಣಿಕರು ಬೇಕಿದ್ದರೆ ಅದಕ್ಕೇ ಶ್ರುತಿ ಮಾಡಿಕೊಳ್ಳಬಹುದು.