ತೋಟದ ದಾರಿಗೆ ಹಳೇ ಟೂ ಸ್ಟ್ರೋಕ್

ಗೌಡ್ರೇ, ನಿಮ್ಮ ಮಗ ಹಳೇ ಟೂ ಸ್ಟ್ರೋಕ್ ಗಾಡಿ ಹುಡುಕ್ತಿದ್ದಾನೆ ಅಂತ ಕೇಳಿದೆ. ಒಳ್ಳೇದಾಯ್ತು ಬಿಡಿ. ತೋಟದೊಳಗಿನ ಮಣ್ಣು ದಾರಿಗೆ, ಹಾಡ್ಯದ ಅಂಚಿನ ಏರಿಗೆ, ಮಳೆ ನಿಂತ ಮೇಲಿನ ಕೆಸರಿಗೆ ಅಂಥದ್ದೊಂದು ಮನೆಯಲ್ಲಿರಬೇಕು ಅನ್ನೋದು ನನ್ನ ಬಹುಕಾಲದ ವಾದ. ಆದರೆ ಅವನೂ ಎಲ್ಲರ ಹಾಗೆ ಆರ್‌ಎಕ್ಸ್ 100 ಒಂದನ್ನೇ ಜಪ ಮಾಡ್ತಾ ಕೂತಿದ್ದರೆ ಸ್ವಲ್ಪ ಈ ಬೇಲಿ ಹತ್ರ ಕಳಿಸಿ. ಹೇಳೋದು ಬಹಳ ಇದೆ.

ಆರ್‌ಎಕ್ಸ್ ಕೆಟ್ಟ ಗಾಡಿ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. 98 ಸಿಸಿಯ ಪುಟ್ಟ ಎಂಜಿನ್ನು, 11 ಹಾರ್ಸ್ ಪವರ್, ಇಡೀ ಗಾಡಿಯ ತೂಕ ನೂರು ಕೆಜಿ ಆಸುಪಾಸು. ಟಾರು ರಸ್ತೆಗೆ ಇನ್ನೇನು ಬೇಕು? ಅದರ ಕಿಚ್ಚೆಲ್ಲ ಇರೋದು ಮೇಲಿನ ಸುತ್ತುಗಳಲ್ಲಿ, ನಿಮಿಷಕ್ಕೆ 7500ರ ಹತ್ತಿರ. ನಮ್ಮ ಏರುದಾರಿಯಲ್ಲಿ ಸಿಲ್ವರ್ ಓಕಿನ ಒದ್ದೆ ಎಲೆ ಬಿದ್ದಿರ್ತದೆ, ಅಡಿಗೆ ಕೆಂಪು ಜೇಡಿ. ಅಲ್ಲಿ ಮೊದಲು ಗಾಡಿ ಮೇಲೇಳೋದೇ ಇಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಶಕ್ತಿಯೆಲ್ಲ ಒಟ್ಟಿಗೆ ಬಂದು ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ಸುತ್ತಿಬಿಡ್ತದೆ. ಕಾಡುದಾರಿಗೆ ಬೇಕಾದ್ದು ಕೆಳಗಿನ ಎಳೆತ, ಅಲ್ವಾ?

ಅದಕ್ಕೇ ನಾನು ಯೆಜ್ಡಿ ಪಕ್ಷ. ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ಪಿಸ್ಟನ್ನು ಉದ್ದಕ್ಕೆ ಓಡಾಡೋ ಎಂಜಿನ್ನು, ಒಳಗೆ ಭಾರವಾದ ಕ್ರ್ಯಾಂಕು. ಆ ಭಾರ ಇದೆಯಲ್ಲ, ಅದೇ ನಿಧಾನಕ್ಕೆ ಹೋಗುವಾಗ ಗಾಡಿ ಆಫ್ ಆಗದ ಹಾಗೆ ಕಾಯೋದು. ಎರಡನೇ ಗೇರಲ್ಲಿ ಗುಡುಗುಡು ಅನ್ನುತ್ತಾ ಬೇರುಗಳ ಮೇಲೆ ಹತ್ತಿಕೊಂಡು ಹೋಗ್ತದೆ. ಯೆಜ್ಡಿ ರೋಡ್‌ಕಿಂಗ್‌ಗೆ 16 ಹಾರ್ಸ್ ಪವರ್, ಅದೂ ಸಿಗೋದು ಆರ್‌ಎಕ್ಸ್‌ಗಿಂತ ಎಷ್ಟೋ ಕೆಳಗಿನ ಸುತ್ತಿನಲ್ಲಿ. ತೂಕ ಹೆಚ್ಚು, ಒಪ್ಪಿದೆ. ಬಿದ್ದರೆ ಎತ್ತೋಕೆ ಇನ್ನೊಬ್ಬರು ಬೇಕು.

ಇನ್ನು ಅದರ ಕುಲಗೋತ್ರ ಕೇಳಬೇಕಾ? ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿಗಳಿಗೆ ಬೇರು ಇರೋದು ಜೆಕೊಸ್ಲೊವಾಕಿಯಾದಲ್ಲಿ. ಅಲ್ಲಿಯ ಜಾವಾ, ಸಿಝಡ್ ಎರಡೂ ಕೆಸರಿನಲ್ಲೇ ಹೆಸರು ಮಾಡಿದವು. ಬೆಲ್ಜಿಯಂನ ಜೋಯಲ್ ರಾಬರ್ಟ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಸಿಝಡ್ ಮೇಲೆ. 1968, 1969ರಲ್ಲೂ ಅದೇ ಗಾಡಿ. ದಿನಗಟ್ಟಲೆ ಕಾಡುಮೇಡು ಸುತ್ತುವ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್ ಪಂದ್ಯವನ್ನು 1970ರ ದಶಕದಲ್ಲಿ ಜೆಕ್ ತಂಡ ಎಷ್ಟು ಸಲ ಗೆದ್ದುಕೊಂಡು ಹೋಯ್ತು! ನಮ್ಮ ಯೆಜ್ಡಿ ಆ ಪಂದ್ಯದ ಗಾಡಿ ಅಲ್ಲ, ನಿಜ. ಆದರೂ ಮನೆತನ ಅದೇ.

ಆ ಮನೆತನದ ವಿಚಿತ್ರಗಳೂ ಅಷ್ಟೇ ಚೆಂದ. ಗೇರ್ ಹಾಕೋ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗ್ತದೆ. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಇವೆಲ್ಲ ನಿಮಗೆ ಗೊತ್ತಿರೋದೇ. ಆದರೆ ಟೈಮಿಂಗ್ ತಪ್ಪಿದ ಟೂ ಸ್ಟ್ರೋಕ್ ಎಂಜಿನ್ನು ಹಿಂದುಮುಂದಾಗಿ ಓಡೋದನ್ನು ನೋಡಿದ್ದೀರಾ?

ನಮ್ಮ ಚಿಕ್ಕಪ್ಪನ ಹಳೇ ಗಾಡಿಯ ಪಾಯಿಂಟ್ ಪ್ಲೇಟು ಸಡಿಲವಾಗಿ, ಕಿಡಿ ಬಹಳ ಮುಂಚೆ ಬೀಳ್ತಿತ್ತು. ಒಂದು ಸಂಜೆ ಕಾಫಿ ಕಣದಲ್ಲಿ ನಿಂತು ಅರೆಮನಸ್ಸಿನ ಕಿಕ್ ಹೊಡೆದರು. ಪಿಸ್ಟನ್ನು ಮೇಲೆ ಮುಟ್ಟೋ ಮೊದಲೇ ಕಿಡಿ ಬಿದ್ದು ಹಿಂದಕ್ಕೆ ತಳ್ಳಿತು. ಎಂಜಿನ್ನು ಸ್ಟಾರ್ಟೂ ಆಯ್ತು. ಸದ್ದಿನಲ್ಲಿ ಏನೋ ಒಂಥರಾ ಅಂತ ಚಿಕ್ಕಮ್ಮ ಅಂದರಂತೆ, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಫಸ್ಟ್ ಗೇರ್ ಹಾಕಿ ಬಿಟ್ಟರು ನೋಡಿ, ಗಾಡಿ ಸೀದಾ ಹಿಂದಕ್ಕೆ ಹೊರಟು ಒಣಹಾಕಿದ್ದ ಚೆರಿ ರಾಶಿಯೊಳಗೆ ಕೂತುಬಿಡ್ತು. ಗಾಡಿಗೆ ದೆವ್ವ ಹಿಡಿದಿದೆ ಅಂತ ಆಳುಗಳು ಆಮೇಲೂ ಬಹಳ ದಿನ ಮಾತಾಡಿಕೊಂಡರು.

ದೆವ್ವ ಎಲ್ಲಿ ಬಂತು? ಇಂಥ ಎಂಜಿನ್ನಿಗೆ ವಾಲ್ವು ಇಲ್ಲ. ಸಿಲಿಂಡರಿನ ಗೋಡೆಯಲ್ಲಿರೋ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆಗೆಯೋದು. ಯಾವ ಕಡೆ ತಿರುಗಿದರೂ ಆ ಕಿಂಡಿಗಳಿಗೆ ಒಂದೇ. ಜರ್ಮನಿಯ ಮೆಸರ್‌ಸ್ಮಿಟ್ ಕೆಆರ್ 200 ಅನ್ನೋ ಮೂರು ಚಕ್ರದ ಪುಟ್ಟ ಕಾರಿನವರು ಇದನ್ನೇ ಉಪಯೋಗಕ್ಕೆ ತಂದುಕೊಂಡರು. ರಿವರ್ಸ್ ಬೇಕಾ? ಎಂಜಿನ್ ಆಫ್ ಮಾಡಿ, ಉಲ್ಟಾ ಸ್ಟಾರ್ಟ್ ಮಾಡಿ. ಮುಂದಕ್ಕೆ ನಾಲ್ಕು ಗೇರ್ ಇದ್ದಮೇಲೆ ಹಿಂದಕ್ಕೂ ನಾಲ್ಕು! ಹಿಂದಕ್ಕೆ ನಾಲ್ಕನೇ ಗೇರಲ್ಲಿ ಯಾರು ಹೋದರೋ, ಎಲ್ಲಿಗೆ ಹೋದರೋ...

ಇರಲಿ, ಗಾಡಿ ಕೊಳ್ಳೋ ಮಾತಿಗೆ ಬರೋಣ. ಮಾರೋರು ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ಫಳಫಳ ಅನ್ನಿಸಿರ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಹೋದ ಕೂಡಲೇ ನಿಮ್ಮ ಮಗ ಮೊದಲು ಎಂಜಿನ್ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಬರೋ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ; ಚಹಾ ಕುಡಿದು, ಪೂರ್ತಿ ಆರಿದ ಮೇಲೆ ಸ್ಟಾರ್ಟ್ ಮಾಡಿಸಲಿ. ಎಕ್ಸಲೇಟರ್ ಬಿಟ್ಟ ಮೇಲೂ ಎಂಜಿನ್ನು ತಾನೇ ಏರುತ್ತಾ ಹೋದರೆ, ಇಳಿಯೋಕೆ ತಡ ಮಾಡಿದರೆ, ಎಲ್ಲೋ ಗಾಳಿ ಒಳಕ್ಕೆ ಎಳೀತಿದೆ. ಬಹುಪಾಲು ಅದು ಕ್ರ್ಯಾಂಕಿನ ಆಯಿಲ್ ಸೀಲು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ರಬ್ಬರು ಒಣಗಿ ಕಲ್ಲಾಗಿರ್ತದೆ. ಟೂ ಸ್ಟ್ರೋಕಲ್ಲಿ ಪೆಟ್ರೋಲು ಗಾಳಿ ಮೊದಲು ಬರೋದೇ ಕ್ರ್ಯಾಂಕ್ ಕೋಣೆಗೆ, ಹಾಗಾಗಿ ಈ ಸೀಲಿನ ಮೇಲೆ ಇಡೀ ಎಂಜಿನ್ನಿನ ಆಯುಸ್ಸು ನಿಂತಿದೆ. ಬಿಟ್ಟೂಬಿಡದೆ ಬಿಳಿ ಹೊಗೆ ಬರ್ತಿದ್ದರೆ ಗೇರ್ ಬಾಕ್ಸಿನ ಎಣ್ಣೆಯೂ ಅದೇ ದಾರಿಯಲ್ಲಿ ಒಳಗೆ ಹೋಗ್ತಿರಬಹುದು.

ಹೆಡ್ ಬಿಚ್ಚೋಕೆ ಒಪ್ಪಿದರೆ ಪಿಸ್ಟನ್ನಿನ ತಲೆ ಮೇಲಿನ ಅಂಕಿ ಓದಲಿ. 0.25, 0.50 ಅಂತ ಇದ್ದರೆ ಇನ್ನೂ ಬೋರ್ ಮಾಡಿಸೋಕೆ ಜಾಗ ಇದೆ. 1.00 ಅಂತ ಇದ್ದರೆ ಮುಂದಿನ ಸಲ ಹೊಸ ಸ್ಲೀವ್ ಕೂರಿಸಬೇಕಾದೀತು, ಬೆಲೆ ಅಷ್ಟಕ್ಕೆ ಇಳಿಸಲಿ. ಆರ್.ಸಿ. ಬುಕ್ಕಿನ ನಂಬರೂ ಚಾಸಿಸ್ ನಂಬರೂ ತಾಳೆಯಾಗಲೇಬೇಕು, ಅದರಲ್ಲಿ ಮುಲಾಜು ಬೇಡ. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಲ್ಲಿ ‘ವಿಎ’ ಸರಣಿಯ ನಂಬರ್ ಸಿಗ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸೋ ಹಾಗಿಲ್ಲ. ಸಂತೆಗೂ ಅದರಲ್ಲೇ ಹೋಗಬೇಕು ಅಂತಿದ್ದರೆ ಮಾಮೂಲಿ ರಿಜಿಸ್ಟ್ರೇಷನ್ನೇ ನವೀಕರಿಸಿಕೊಳ್ಳೋದು ಮೇಲು.

ತಂದಾಯ್ತು, ಇನ್ನು ಟ್ಯೂನಿಂಗು. ಹುಡುಗರು ಮೊದಲು ಕೈ ಹಾಕೋದೇ ಸೈಲೆನ್ಸರಿಗೆ. ಒಳಗಿನ ಪೈಪು ಕಿತ್ತು, ತಳ ಕೊರೆದು, ಊರೆಲ್ಲ ಎಬ್ಬಿಸ್ತಾರೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಟೂ ಸ್ಟ್ರೋಕಲ್ಲಿ ಸೈಲೆನ್ಸರೂ ಎಂಜಿನ್ನಿನದೇ ಒಂದು ಭಾಗ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಅಂತ ಎಂಜಿನಿಯರ್ ಇದ್ದರು. ಹೊಗೆಯ ಜೊತೆ ಹೊರಟ ಒತ್ತಡದ ಅಲೆಯನ್ನು ಪೈಪಿನ ಆಕಾರದಿಂದಲೇ ತಿರುಗಿಸಿ ವಾಪಸ್ ಕಳಿಸಿದರೆ, ತಪ್ಪಿಸಿಕೊಂಡು ಹೋಗ್ತಿರೋ ಹೊಸ ಪೆಟ್ರೋಲು ಗಾಳಿಯನ್ನು ಅದೇ ಅಲೆ ಒಳಕ್ಕೆ ತಳ್ಳುತ್ತದೆ. ಈ ಗುಟ್ಟನ್ನು ರೇಸ್ ಗಾಡಿಯಲ್ಲಿ ಪಳಗಿಸಿದವರು ಅವರೇ. ಅವರ ಸವಾರ ಎರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯಕ್ಕೆ ಹೋದವನು ವಾಪಸ್ ಬರಲೇ ಇಲ್ಲ. ವಿದ್ಯೆಯ ಸಮೇತ ಸುಜುಕಿ ಸೇರಿಕೊಂಡ, ಮರುವರ್ಷವೇ ಸುಜುಕಿ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದ. ಒಂದು ಕೊಳವೆಯ ಆಕಾರಕ್ಕಾಗಿ ಇಷ್ಟೆಲ್ಲ ನಡೆದಿರುವಾಗ ಅದಕ್ಕೆ ಡ್ರಿಲ್ ಹಾಕೋದಾ? ಕೊರೆದರೆ ಮೊದಲು ಹೋಗೋದೇ ನಮಗೆ ಬೇಕಾದ ಕೆಳಗಿನ ಎಳೆತ. ಒಳಗೆ ಕಟ್ಟಿದ ಇದ್ದಿಲು ಮಸಿ ತೆಗೆಸಲಿ, ಸಾಕು.

ಕಾರ್ಬೊರೇಟರಿನಲ್ಲೂ ಎಲ್ಲರ ಕಣ್ಣು ಮೇನ್ ಜೆಟ್ ಮೇಲೆ. ಅದು ಕೆಲಸ ಮಾಡೋದು ಎಕ್ಸಲೇಟರ್ ಮುಕ್ಕಾಲು ದಾಟಿದ ಮೇಲೆ. ತೋಟದೊಳಗೆ ಅಷ್ಟು ತಿರುಗಿಸೋ ಜಾಗ ಎಲ್ಲಿದೆ ಹೇಳಿ? ಶುರುವಿನ ಎಳೆತ ಪೈಲಟ್ ಜೆಟ್ಟಿನದು, ಕಾಲಿನಿಂದ ಮುಕ್ಕಾಲರವರೆಗೆ ಸೂಜಿಯದು. ಹಾಗಾಗಿ ಮೊದಲು ಪೈಲಟ್ ಸರಿಮಾಡಿ, ಆಮೇಲೆ ಸೂಜಿಯ ಕ್ಲಿಪ್ಪನ್ನು ಒಂದೊಂದೇ ಗೀಟು ಸರಿಸಿ ನೋಡಬೇಕು. ಪ್ಲಗ್ಗಿನ ಮೂತಿ ಕಾಫಿ ಬಣ್ಣಕ್ಕೆ ಬಂದರೆ ಸರಿ. ಬೆಳ್ಳಗಾದರೆ ಪೆಟ್ರೋಲು ಕಮ್ಮಿ, ಪಿಸ್ಟನ್ನಿಗೆ ಅಪಾಯ. ಬಯಲುಸೀಮೆಯಿಂದ ಬಂದ ಗಾಡಿ ನಮ್ಮ ಎತ್ತರದಲ್ಲಿ ಸ್ವಲ್ಪ ಮುಕ್ಕರಿಸ್ತದೆ, ಗಾಳಿ ತೆಳು ಅದಕ್ಕೆ. ಮುಳ್ಳಯ್ಯನಗಿರಿಯ 1930 ಮೀಟರಿಗೆ ಹತ್ತಿದರೆ ಇನ್ನೂ ಜಾಸ್ತಿ. ಡಿಸೆಂಬರಿನ ಮುಂಜಾವಿನ ಚಳಿಯಲ್ಲಿ ಗಾಳಿ ದಟ್ಟವಾಗಿ ಇದೇ ಲೆಕ್ಕ ತಿರುಗಾಮುರುಗಾ.

ಮುಂದಿನ ಸ್ಪ್ರಾಕೆಟಿನಲ್ಲಿ ಒಂದು ಹಲ್ಲು ಕಮ್ಮಿ ಮಾಡಿಸಿ. ಖರ್ಚು ಅಲ್ಪ, ಏರಿನಲ್ಲಿ ಗಾಡಿಯೇ ಬೇರೆ ಅನ್ನಿಸ್ತದೆ.

ಎಣ್ಣೆಯ ವಿಷಯ ಒಂದು ಮಾತು. ಯೆಜ್ಡಿಯಲ್ಲಿ ಆಯಿಲ್ ಕಿಂಗ್ ಬಿಟ್ಟರೆ ಉಳಿದವಕ್ಕೆ ಟ್ಯಾಂಕಿಗೇ ಬೆರೆಸಿ ಹಾಕಬೇಕಲ್ಲ, ಲೀಟರಿಗೆ 30ರಿಂದ 40 ಮಿ.ಲೀ. ಒಳ್ಳೇ 2ಟಿ ಆಯಿಲ್ ಸಾಕು. ಇನ್ನಷ್ಟು ಇರಲಿ ಅಂತ ಸುರಿಯೋ ಧಾರಾಳಿಗಳಿದ್ದಾರೆ. ಅದೇ ಜೆಟ್ಟಿನೊಳಗೆ ಎಣ್ಣೆ ಜಾಸ್ತಿಯಾದಷ್ಟೂ ಪೆಟ್ರೋಲಿನ ಪಾಲು ಇಳೀತದೆ. ಎಂಜಿನ್ನು ಇನ್ನೂ ಬಿಸಿಯಾಗ್ತದೆ. ಒಳ್ಳೇದು ಮಾಡೋಕೆ ಹೋಗಿ ಹೀಗೆ, ವಿಚಿತ್ರ ಅಲ್ವಾ?

ಇಳಿಜಾರಿನದ್ದು ಇನ್ನೊಂದು. ಎಣ್ಣೆ ಬರೋದೇ ಪೆಟ್ರೋಲಿನ ಜೊತೆ. ಚಾರ್ಮಾಡಿಯಂಥ ಉದ್ದದ ಇಳುಕಲಿನಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿ, ಗೇರಿನ ಮೇಲೆ ಇಳಿಸಿದರೆ ಎಂಜಿನ್ನು ಜೋರಾಗಿ ತಿರುಗ್ತಿರ್ತದೆ, ಎಣ್ಣೆ ಮಾತ್ರ ಇಲ್ಲ. ಆಗಾಗ ಎಕ್ಸಲೇಟರ್ ಸ್ವಲ್ಪ ಬಿಚ್ಚಿ ಉಸಿರು ಕೊಡಬೇಕು. ಸ್ವೀಡನ್ನಿನ ಸಾಬ್ ಕಂಪನಿಯವರು ಟೂ ಸ್ಟ್ರೋಕ್ ಕಾರು ಮಾಡುವಾಗ ಇದೇ ಭಯಕ್ಕೆ ಅದರಲ್ಲಿ ಸೈಕಲ್ಲಿನ ಥರ ಫ್ರೀ ವೀಲ್ ಇಟ್ಟಿದ್ದರು. ಕಾಲು ತೆಗೆದರೆ ಕಾರು ತಾನೇ ಉರುಳಿಕೊಂಡು ಹೋಗ್ತಿತ್ತು, ಎಂಜಿನ್ನು ನಿಧಾನಕ್ಕೆ ತಿರುಗ್ತಿತ್ತು. ನಮಗೆ ಆ ಭಾಗ್ಯ ಇಲ್ಲ, ಕೈಯೇ ಎಚ್ಚರ ಇರಬೇಕು. ಬ್ರೇಕಿನ ಲೈನಿಂಗೂ ಹೊಸದಾಗಿರಲಿ ಮತ್ತೆ. ಟೂ ಸ್ಟ್ರೋಕಿಗೆ ಎಂಜಿನ್ನಿನ ಹಿಡಿತ ಮೊದಲೇ ಕಮ್ಮಿ.

ಇಷ್ಟಾದ ಮೇಲೆ ಹಳ್ಳ ದಾಟೋ ಮೊದಲು ಏರ್ ಫಿಲ್ಟರಿನ ಡಬ್ಬಿ ಎಷ್ಟು ಎತ್ತರದಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಲಿ, ಚಕ್ರಕ್ಕೆ ಗುಬ್ಬಿ ಟೈರು ಹಾಕಿಸಲಿ, ಬೂಟು ಹಾಕಲಿ. ಬೂಟಿನೊಳಗೆ ಉಂಬಳ ಹೋಗೋದಂತೂ ತಪ್ಪೋದಿಲ್ಲ.

ಗೌಡ್ರೇ, ಒಂದು ಮಾತು ಮಾತ್ರ ನೀವೇ ಅವನಿಗೆ ಗಟ್ಟಿಯಾಗಿ ಹೇಳಬೇಕು. ತೋಟದೊಳಗೆ, ಊರ ಮಣ್ಣು ರಸ್ತೆಯಲ್ಲಿ ಎಷ್ಟು ಬೇಕಾದರೂ ಓಡಿಸಲಿ. ಕಂದಕದ ಆಚೆ ರಿಸರ್ವ್ ಫಾರೆಸ್ಟು; ಅಲ್ಲಿ ಅನುಮತಿ ಇಲ್ಲದೆ ಗಾಡಿ ನುಗ್ಗಿಸೋದು ಕಾನೂನಿಗೆ ವಿರುದ್ಧ, ಅಲ್ಲಿರೋ ಪ್ರಾಣಿಗಳಿಗೂ ಹಿಂಸೆ. ಮತ್ತೆ ದುಡ್ಡು ಹೊಂದಿಸುವಾಗ ಮೊದಲು ಸೀಲು, ಆಮೇಲೆ ಬೇರಿಂಗು, ಆಮೇಲೆ ಬ್ರೇಕು. ಬಣ್ಣಕ್ಕೆ ಮುಂದಿನ ಕಾಫಿ ಕೊಯ್ಲು ಮುಗಿಯೋ ತನಕ ಕೈ ಹಾಕೋದು ಬೇಡ ಅನ್ನಿ.