ಲುಯಿಗಿಯ ಜೇಬಿನಲ್ಲಿ ಐಫೆಲ್ ಗೋಪುರ

ಐಫೆಲ್ ಗೋಪುರದ ಕಬ್ಬಿಣದ ತೂಕ ಸುಮಾರು 7,300 ಟನ್. ‘ಮಾರಿಯೋ ಈಸ್ ಮಿಸ್ಸಿಂಗ್’ ಎಂಬ 1990ರ ದಶಕದ ಭೂಗೋಳದ ವಿಡಿಯೋ ಗೇಮಿನಲ್ಲಿ ಅದನ್ನೊಂದು ಆಮೆ ಕದ್ದುಬಿಡುತ್ತದೆ! ಆಟದ ನಾಯಕ ಲುಯಿಗಿ ಆಮೆಯ ತಲೆಮೇಲೆ ಹಾರಿದನೋ, ಗೋಪುರ ಅವನ ಪಾಲು. ಹಮಾಲಿ ಖರ್ಚೂ ಇಲ್ಲ. ಹಿಂದಿರುಗಿಸಲು ಹೋದರೆ ಮಾತ್ರ ಫಜೀತಿ. ಮಾಹಿತಿ ಕೇಂದ್ರದಾಕೆಗೆ ಮಾಲು ಅಸಲಿಯೋ ನಕಲಿಯೋ ಎಂಬ ಅನುಮಾನ! ಅದರ ಚರಿತ್ರೆಯ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟರಷ್ಟೇ ಸ್ವೀಕಾರ. ಊರಿನ ನಡುವೆ ಇದ್ದ ಗೋಪುರವೇ ಮಾಯವಾಗಿದೆ, ಈಯಮ್ಮನಿಗೆ ವೈವಾ ಪರೀಕ್ಷೆಯ ಚಿಂತೆ.

ಇಷ್ಟಕ್ಕೂ ಆಟದ ಖಳನಾಯಕ ಬೌಸರ್ ಆಮೆಗಳಿಂದ ಇಂಥವನ್ನೆಲ್ಲ ಕದಿಸುವುದೇಕೆ? ಮಾರಿ, ಹೇರ್ ಡ್ರೈಯರ್ ಕೊಂಡು ಅಂಟಾರ್ಕ್ಟಿಕಾದ ಹಿಮ ಕರಗಿಸಲು! ಅಷ್ಟೂ ಡ್ರೈಯರ್‌ಗಳಿಗೆ ಅಲ್ಲಿ ಪ್ಲಗ್ ಪಾಯಿಂಟ್ ಹಾಕಿಕೊಟ್ಟ ಎಲೆಕ್ಟ್ರಿಷಿಯನ್ ಯಾರೋ, ನಮ್ಮ ಮನೆಗೂ ಸ್ವಲ್ಪ ಬೇಕಾಗಿತ್ತು.