ಸ್ವಿಚ್ ಆಫ್ ಮಾಡಿದರೆ ಸಿಂಹ

ನಮ್ಮ ವಾಷಿಂಗ್ ಮಷೀನು ಬಟ್ಟೆ ಒಗೆದು ಮುಗಿಸಿದ ಮೇಲೆ ಹಾಡುತ್ತದೆ. ಹೆಂಡತಿ ನಾಲ್ಕು ಸಲ ಕೂಗಿದರೂ ಕೇಳಿಸದ ನನಗೆ ಅದರ ಹಾಡು ಮಾತ್ರ ಮಹಡಿಯ ಮೇಲಿದ್ದರೂ ಕೇಳುತ್ತದೆ ಎಂಬುದು ಮನೆಯಲ್ಲಿ ನನ್ನ ಮೇಲಿರುವ ಖಾಯಂ ದೂರು.

ಸಮಾಧಾನಕ್ಕೆಂದು ಹಳೆಯ ವೈಜ್ಞಾನಿಕ ಕಥೆ ಹಿಡಿದರೆ ಅಲ್ಲೂ ಇದೇ ರಾಮಾಯಣ. ರೇ ಬ್ರಾಡ್‌ಬರಿ 1950ರಲ್ಲಿ ಪ್ರಕಟಿಸಿದ ‘ದಿ ವೆಲ್ಟ್’ನಲ್ಲಿ ಮನೆಯೇ ಅಡುಗೆ ಮಾಡುತ್ತದೆ, ಶೂ ಲೇಸನ್ನೂ ಕಟ್ಟುತ್ತದೆ. ಮಕ್ಕಳ ಕೋಣೆಯ ಗೋಡೆ ತುಂಬ ಆಫ್ರಿಕಾದ ಹುಲ್ಲುಗಾವಲು, ಸಿಂಹಗಳು. ಅಪ್ಪ ಸ್ವಿಚ್ ಆಫ್ ಮಾಡಹೊರಟ; ಮಕ್ಕಳು ಅಪ್ಪ-ಅಮ್ಮ ಇಬ್ಬರನ್ನೂ ಆ ಕೋಣೆಗೆ ಕರೆದು ಹೊರಗಿನಿಂದ ಬಾಗಿಲು ಹಾಕಿಕೊಂಡರು! ಇದನ್ನು ಓದಿದಾಗಿನಿಂದ ಮಗನ ಟ್ಯಾಬ್ ಕಿತ್ತುಕೊಳ್ಳುವ ಮೊದಲು ಅದರಲ್ಲಿ ಯಾವ ಪ್ರಾಣಿ ಓಡಾಡುತ್ತಿದೆ ಎಂದು ಬಗ್ಗಿ ನೋಡುತ್ತೇನೆ. ಕಾರ್ಟೂನ್ ಮೊಲವಾದರೆ ಮಾತ್ರ ಗದರುತ್ತೇನೆ.

ಐಸಾಕ್ ಅಸಿಮೋವ್ ಪಾಪ, ಸಾಧು. 1951ರ ‘ದಿ ಫನ್ ದೇ ಹ್ಯಾಡ್’ನಲ್ಲಿ 2157ನೇ ಇಸವಿಯ ಮಾರ್ಗಿಗೆ ಮನೆಯಲ್ಲೇ ಯಂತ್ರದ ಮೇಷ್ಟ್ರು. ಭೂಗೋಳದಲ್ಲಿ ಹುಡುಗಿಯ ಅಂಕ ಇಳಿದಾಗ ಇನ್‌ಸ್ಪೆಕ್ಟರು ಬಂದು ಅವಳಿಗೊಂದು ಸೇಬು ಕೊಟ್ಟು, ಮೇಷ್ಟ್ರನ್ನು ಬಿಚ್ಚಿ ರಿಪೇರಿ ಮಾಡುತ್ತಾನೆ. ನಮ್ಮ ಕಾಲದಲ್ಲಿ ಸುಲಿಯುತ್ತಿದ್ದದ್ದು ನಮ್ಮ ಚರ್ಮವನ್ನೇ. ಸೇಬಿನ ಪ್ರಸ್ತಾಪವೇ ಇರಲಿಲ್ಲ.

ಅಮ್ಮನಿಗೆ ಎರಡೂ ಕಥೆ ಹೇಳಿದೆ. ಸಿಂಹಗಳ ಬಗ್ಗೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ.

“ಅಡುಗೆ ಮಾಡೋ ಮನೆ ಅಂದ್ಯಲ್ಲ, ಎಷ್ಟಂತೋ ಅದಕ್ಕೆ?”

“ಮೂವತ್ತು ಸಾವಿರ ಡಾಲರ್ ಕಣಮ್ಮ.”

“ಆ ಸಿಂಹದ ಕೋಣೆ ಬಿಟ್ಟು ಕೊಡ್ತಾರಾ, ಕೇಳು.”